ಜೇಬಿನಲ್ಲಿ ಪಿಸ್ತೂಲಿಟ್ಟುಕೊಂಡು ಗುಡ್ಡ ಹತ್ತಿದವರು

ಹೋದ ವಾರ ನನ್ನ ಹೆಂಡತಿ ಹೊಲಿಗೆ ಮೆಷಿನ್ನನ್ನು ಜಗುಲಿಗೆ ಎಳೆದುಕೊಂಡು ಕೂತಿದ್ದಳು. ಬಹಳ ದಿನ ಮುಟ್ಟದೆ ಬಿಟ್ಟಿದ್ದರಿಂದ ಅದರ ಚಕ್ರ ಕಿರುಗುಟ್ಟುತ್ತಿತ್ತು. ಚೂಪು ಮೂತಿಯ ಪ್ಲಾಸ್ಟಿಕ್ ಡಬ್ಬಿಯಿಂದ ಒಂದೊಂದೇ ತೂತಿಗೆ ಎಣ್ಣೆ ಬಿಡುತ್ತಿದ್ದಳು. ಪಕ್ಕದಲ್ಲಿ ಪೇಪರ್ ಓದುತ್ತಿದ್ದ ನನಗೆ ಆ ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಮುಂದಿನ ಸಾಲು ಓದಲಾಗಲಿಲ್ಲ. ನಮ್ಮ ಟೆರೇಸು ನೆನಪಾಯಿತು. ಶನಿವಾರದ ಸಂಜೆ ಬಿಸಿಲು, ಹಾಸಿದ ಹಳೆಯ ಪಂಚೆ, ಅದರ ಮೇಲೆ ಬಿಡಿಬಿಡಿಯಾಗಿ ಹರಡಿದ ಉಕ್ಕಿನ ಚೂರುಗಳು, ಅವನ್ನು ಒಂದೊಂದಾಗಿ ಎತ್ತಿ ಇದೇ ಎಣ್ಣೆ ಸವರುತ್ತ ಕೂತ ಮನುಷ್ಯ...

ಅವರು ನಮ್ಮ ಮೇಲಿನ ಮನೆಯ ಬಾಡಿಗೆದಾರರು. ನಾವೆಲ್ಲ ಸಾರ್ ಎಂದೇ ಕರೆಯುತ್ತಿದ್ದೆವು. ದಾವಣಗೆರೆ ಕಡೆಯವರು. ಹಣೆಯ ಮೇಲೆ ತೆಳ್ಳಗೆ ವಿಭೂತಿ, ಭಾನುವಾರವೂ ಇಸ್ತ್ರಿ ಮಾಡಿದ ಅಂಗಿ. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಾರ್ಖಾನೆಯಲ್ಲಿ ದೊಡ್ಡ ಕೆಲಸದಲ್ಲಿದ್ದರು. ಗಂಡ ಹೆಂಡತಿ ಇಬ್ಬರೇ. ಅವರು ಮನೆ ನೋಡಲು ಬಂದ ದಿನ ನನಗೆ ಮೊದಲು ಇಷ್ಟವಾದದ್ದು ಅವರ ಮಾತು. ನಾನು ತೋರಿಸುತ್ತಿದ್ದ ನಲ್ಲಿ, ಮೋಟರು, ನೀರಿನ ಟ್ಯಾಂಕು ಯಾವುದನ್ನೂ ಅವರು ಸರಿಯಾಗಿ ನೋಡಲಿಲ್ಲ. ಕಿಟಕಿಯ ಹತ್ತಿರ ಹೋಗಿ ನಿಂತು, "ಆ ಗುಡ್ಡ ಯಾವುದ್ರಿ ಗೌಡ್ರೆ?" ಎಂದು ಕೇಳಿದರು. ಅಷ್ಟು ಸಾಕಾಯಿತು ನನಗೆ.

ನಮ್ಮದು ಎಲೆಕ್ಟ್ರಾನಿಕ್ ಸಿಟಿಯ ಹಿಂಭಾಗದ ಹಳ್ಳಿ. ಹಳ್ಳಿ ಎನ್ನುವುದು ಈಗ ಬಸ್ಸಿನ ಬೋರ್ಡಿನಲ್ಲಿ ಮಾತ್ರ ಉಳಿದಿದೆ. ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ನಾನು ನಾಲ್ಕು ಮಹಡಿ ಎಬ್ಬಿಸಿ ಬಾಡಿಗೆಗೆ ಕೊಟ್ಟಿದ್ದೆ. ನೇಗಿಲು ಹಿಡಿಯುವುದು, ಮೋಡ ನೋಡಿ ಮಳೆ ಹೇಳುವುದು, ಹಸು ಕರು ಹಾಕುವ ಹೊತ್ತನ್ನು ಊಹಿಸುವುದು ಎಲ್ಲವೂ ನನಗೆ ಬರುತ್ತಿತ್ತು. ಯಾವುದೂ ಯಾರಿಗೂ ಬೇಕಾಗಿರಲಿಲ್ಲ. ಬಾಡಿಗೆ ಹುಡುಗರಿಗೆ ನಾನು ಓನರ್ ಅಂಕಲ್. ಲಿಫ್ಟು ಕೆಟ್ಟಾಗ ಫೋನ್ ಮಾಡಬೇಕಾದ ಮನುಷ್ಯ, ಅಷ್ಟೆ.

ಗುಡ್ಡ ಮಾತ್ರ ನನ್ನದಾಗಿ ಉಳಿದಿತ್ತು. ಬನ್ನೇರುಘಟ್ಟದ ಕಾಡಿನ ಅಂಚಿಗೆ ಸೇರಿಕೊಂಡಂತೆ ಇರುವ ಆ ಗುಡ್ಡಗಳಲ್ಲಿ ನಾನು ಅಪ್ಪನ ಹಿಂದೆ ಆಡು ಕಾಯುತ್ತ ಬೆಳೆದವನು. ಒಂದು ಭಾನುವಾರ ಮೊದಲ ಮಹಡಿಯ ಹುಡುಗಿ ಕ್ಯಾಮೆರಾ ನೇತುಹಾಕಿಕೊಂಡು ಬಂದು, "ಅಂಕಲ್, ಆ ಕಡೆ ಹಕ್ಕಿ ಸಿಗ್ತವಂತೆ, ದಾರಿ ಹೇಳ್ತೀರಾ?" ಎಂದಾಗ ನಾನೇ ಕರೆದುಕೊಂಡು ಹೋದೆ. ಮುಂದಿನ ವಾರ ಅವಳ ಜೊತೆ ಆಫೀಸಿನ ಇನ್ನೂ ಮೂವರು ಹುಡುಗರು ಬಂದರು. ಅದೇ ವಾಡಿಕೆಯಾಯಿತು. ನಾನು ಮುಂದೆ, ಅವರು ಹಿಂದೆ. ನೆಲದ ಮೇಲಿನ ಗುರುತು ತೋರಿಸಿ ಇದು ಮುಳ್ಳುಹಂದಿ, ಇದು ಕಾಡುಹಂದಿ ಎಂದರೆ ಅವರು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಕರಡಿಯ ವಿಷಯ ಬಂದಾಗಲಂತೂ ನಾನು ನಿಂತು ಪಾಠ ಮಾಡುತ್ತಿದ್ದೆ. "ಅದ್ಕೆ ಕಣ್ಣು ಮಂದ. ಗಾಳಿ ನಮ್ ಕಡೆಗ್ ಬೀಸ್ತಿದ್ರೆ ವಾಸ್ನೇನೂ ತಿಳಿಯಾಕಿಲ್ಲ. ಹತ್ರ ಓಗಿ ಬೆಚ್ಚಿಬೀಳಿಸುದ್ರೆ ಮಾತ್ರ ಮೈಮ್ಯಾಲೆ ಬೀಳ್ತದೆ. ಅದುಕ್ಕೇ ಇಂಗೆ ಸದ್ದು ಮಾಡ್ಕೊಂಡು ಓಗಬೇಕು" ಎಂದು ಕೋಲಿನಿಂದ ಬಂಡೆಯನ್ನು ಟಣ್ಣೆಂದು ಕುಟ್ಟಿ ತೋರಿಸುತ್ತಿದ್ದೆ. ಅಪ್ಪ ಹಾಗೆಯೇ ಕುಟ್ಟುತ್ತ, ಗಂಟಲು ಸರಿಮಾಡಿಕೊಳ್ಳುತ್ತ ನಡೆಯುತ್ತಿದ್ದ.

ಸಾರ್ ಬಂದ ಮೇಲೆ ಅವರನ್ನೂ ನಾನೇ ಕರೆದೆ. ಎರಡು ವಾರ ಚೆನ್ನಾಗಿಯೇ ಇತ್ತು. ಮೂರನೆಯ ಭಾನುವಾರ ಗುಡ್ಡದ ನೆತ್ತಿಯ ಮೇಲೆ ಕೂತು ನನ್ನ ಹೆಂಡತಿ ಕಟ್ಟಿಕೊಟ್ಟಿದ್ದ ಚಿತ್ರಾನ್ನ ತಿನ್ನುತ್ತಿದ್ದೆವು. ಸಾರ್ ಕೈ ಒರೆಸಿಕೊಳ್ಳಲು ಪ್ಯಾಂಟಿನ ಜೇಬಿನಿಂದ ಕರವಸ್ತ್ರ ಎಳೆದರು. ಅದರ ಜೊತೆಗೆ ಚರ್ಮದ ಪುಟ್ಟ ಚೀಲವೊಂದು ಹೊರಗೆ ಬಂತು. ಹುಡುಗಿ ಅದೇನೆಂದು ಕೇಳಿದಳು. ಅವರು ಸಂಕೋಚದಿಂದಲೇ ಬಿಚ್ಚಿ ತೋರಿಸಿದರು. ಅಂಗೈಯಗಲದ ಪಿಸ್ತೂಲು. ಹಿಡಿಯ ಮೇಲೆ ದಂತದ ಬಣ್ಣದ ಪಟ್ಟಿ. ಅವರ ತಂದೆ ಹತ್ತಿ ವ್ಯಾಪಾರಿಯಂತೆ. ಹಣ ತೆಗೆದುಕೊಂಡು ಊರೂರು ತಿರುಗುತ್ತಿದ್ದುದರಿಂದ ಲೈಸೆನ್ಸ್ ಮಾಡಿಸಿ ಇಟ್ಟುಕೊಂಡಿದ್ದರಂತೆ. ತಂದೆ ಹೋದ ಮೇಲೆ ಮಗನ ಹೆಸರಿಗೆ ಬಂದಿತ್ತು.

"ಕರಡಿ ಬಂದ್ರೆ ಹೊಡೀತೀರಾ ಸರ್?" ಎಂದ ಒಬ್ಬ ಹುಡುಗ, ಕಣ್ಣರಳಿಸಿಕೊಂಡು.

ಸಾರ್ ನಕ್ಕರು. "ಇದ್ರಿಂದ ಕರಡಿಗೆ ಹೊಡದ್ರ ಅದಕ್ಕ ಸಿಟ್ಟು ಬರತೈತಿ, ಅಷ್ಟ. ಇದು ಸಪ್ಪಳ ಮಾಡ್ಲಿಕ್ಕೆ. ಗೌಡ್ರ ಕೋಲು ಹೆಂಗೋ ಹಂಗ."

ಅವರು ಅದನ್ನು ನನ್ನ ಮರ್ಯಾದೆ ಉಳಿಸಲೆಂದೇ ಹೇಳಿದ್ದು. ಈಗ ಗೊತ್ತಾಗುತ್ತದೆ. ಆದರೆ ಆವತ್ತು ಹುಡುಗರು ಕೋಲಿನ ಕಡೆ ತಿರುಗಿಯೂ ನೋಡಲಿಲ್ಲ. ಒಬ್ಬೊಬ್ಬರಾಗಿ ಪಿಸ್ತೂಲನ್ನು ಮುಟ್ಟಿ ನೋಡಿದರು. ಇಳಿಯುವಾಗ ನಾಲ್ವರೂ ಅವರ ಸುತ್ತ. ನಾನು ಮುಂದೆ ಒಬ್ಬನೇ. ಹೆಬ್ಬಾವಿನಷ್ಟು ದಪ್ಪದ ಬಳ್ಳಿಯೊಂದನ್ನು ತೋರಿಸಲು ನಿಂತು ತಿರುಗಿದರೆ ಅವರು ಐವತ್ತು ಹೆಜ್ಜೆ ಹಿಂದೆ, ನಗುತ್ತ ಬರುತ್ತಿದ್ದರು...

ಆವತ್ತಿನಿಂದ ಶುರುವಾಯಿತು ನನ್ನ ಹೊಟ್ಟೆಯುರಿ. ಇದನ್ನು ಬೇರೆ ಹೆಸರಿನಿಂದ ಕರೆಯಲು ಬಹಳ ವರ್ಷ ಪ್ರಯತ್ನಿಸಿದ್ದೇನೆ, ಆಗಿಲ್ಲ. ಮನೆಯಲ್ಲಿ ಹೆಂಡತಿ ಕೂಡ, "ಸಾರ್ ಜೊತೇಲವ್ರೆ ಅಂದ್ರೆ ನಂಗೇನ್ ಯೋಚ್ನೆ ಇಲ್ಲ ಬುಡಿ" ಎಂದಳು. ನಲವತ್ತು ವರ್ಷ ಆ ಗುಡ್ಡದಲ್ಲಿ ಬರಿಗೈಯಲ್ಲಿ ಓಡಾಡಿದವನಿಗೆ ಅವಳು ಒಂದು ದಿನವೂ ಹೀಗೆ ಹೇಳಿರಲಿಲ್ಲ. ಸಾರ್ ಶನಿವಾರ ಸಂಜೆ ಟೆರೇಸಿನ ಮೇಲೆ ಕೂತು ಪಿಸ್ತೂಲು ಬಿಚ್ಚಿ ಎಣ್ಣೆ ಹಾಕುವಾಗ ನಾನು ನೀರಿನ ಟ್ಯಾಂಕು ನೋಡುವ ನೆಪ ಮಾಡಿಕೊಂಡು ಹತ್ತಿಹೋಗುತ್ತಿದ್ದೆ. ಒಮ್ಮೆ ಅವರು ಗುಂಡುಗಳನ್ನೆಲ್ಲ ತೆಗೆದು ಪಕ್ಕಕ್ಕಿಟ್ಟು ಅದನ್ನು ನನ್ನ ಕೈಗೆ ಕೊಟ್ಟರು. "ಹಿಡೀರಿ ಗೌಡ್ರೆ, ನೋಡ್ರಿ." ತಣ್ಣಗಿತ್ತು. ಕಂಡದ್ದಕ್ಕಿಂತ ಭಾರವಿತ್ತು. ಬೆರಳುಗಳು ತಾವಾಗಿಯೇ ಮಡಚಿಕೊಂಡು ಅದರ ಮೇಲೆ ಕೂತವು. ವಾಪಸು ಕೊಡುವಾಗ ನನಗೆ ಕೈಯಿಂದ ಏನನ್ನೋ ಕಿತ್ತುಕೊಂಡಂತಾಯಿತು.

ಆ ಸೋಮವಾರವೇ ಲೈಸೆನ್ಸ್ ವಿಚಾರಿಸಲು ಪೊಲೀಸ್ ಕಚೇರಿಗೆ ಹೋದೆ. ಅಲ್ಲಿದ್ದ ಗುಮಾಸ್ತ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಮಗ್ಯಾರಿಂದ ಅಣ್ಣಾ ಬೆದರಿಕೆ? ಬಾಡಿಗೆಯವರಿಂದಾನಾ?" ಎಂದ. ಪಕ್ಕದ ಮೇಜಿನವರೂ ನಕ್ಕರು. ನಾನೂ ನಕ್ಕು ಈಚೆ ಬಂದೆ. ಹೊಸೂರು ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತ ನಿಂತಾಗ ಅವನು ಹೇಳಿದ್ದು ಸರಿಯೆಂದೇ ಅನ್ನಿಸಿತು. ಒಬ್ಬ ಬಾಡಿಗೆಯವನಿಂದ ನನಗೆ ನಿಜವಾಗಿ ಬೆದರಿಕೆಯಿತ್ತು.

ಇಷ್ಟಕ್ಕೂ ಅವರು ನನಗೆ ಮಾಡಿದ ಕೆಡುಕಾದರೂ ಏನು? ಏನೂ ಇಲ್ಲ. ದಾರಿ ನನ್ನನ್ನೇ ಕೇಳುತ್ತಿದ್ದರು. ಗಿಡದ ಹೆಸರು ಕೇಳಿ ಪುಟ್ಟ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಹುಡುಗರು ಅವರನ್ನು ಏನಾದರೂ ಕೇಳಿದರೆ, "ಗೌಡ್ರನ್ನ ಕೇಳ್ರಿ" ಎನ್ನುತ್ತಿದ್ದರು. ಅವರು ಸೊಕ್ಕಿನವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಬೈದು ಸುಮ್ಮನಾಗಬಹುದಿತ್ತು.

ಯುಗಾದಿಗೆ ಎರಡು ವಾರವಿತ್ತು. ಗುರುವಾರ ನಾನೊಬ್ಬನೇ ಗುಡ್ಡದ ಕಡೆ ಹೋಗಿದ್ದೆ. ದಕ್ಷಿಣದ ಮಗ್ಗುಲಲ್ಲಿ ಒಂದು ಹಳ್ಳವಿದೆ. ಅದರ ದಡದಲ್ಲಿ ದೊಡ್ಡ ಗೋಣಿಮರ, ಅದರಾಚೆ ಒಂದರ ಮೇಲೊಂದು ಬಿದ್ದ ಬಂಡೆಗಳು. ಆ ಬಂಡೆಗಳ ಸಂದಿಯಲ್ಲಿ ಕರಡಿ ಮರಿ ಹಾಕುತ್ತದೆ. ಬೇಸಗೆ ಹುಟ್ಟುವ ಹೊತ್ತಿಗೆ ಮರಿಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಹಣ್ಣಿಗೆ ಬರುತ್ತದೆ. ಆ ದಿನಗಳಲ್ಲಿ ಅಪ್ಪ ಆಡುಗಳನ್ನು ಆ ಕಡೆ ಬಿಡುತ್ತಲೇ ಇರಲಿಲ್ಲ. ಹಳ್ಳದ ಮರಳಿನಲ್ಲಿ ಹಸಿ ಗುರುತುಗಳಿದ್ದವು. ಮನುಷ್ಯನ ಪಾದದಂತೆ, ಮುಂದೆ ಉದ್ದನೆಯ ಉಗುರು. ಪಕ್ಕದಲ್ಲಿ ಅಂಥವೇ, ನನ್ನ ಅಂಗೈಗಿಂತ ಚಿಕ್ಕವು. ಹುತ್ತವೊಂದನ್ನು ಆ ಬೆಳಿಗ್ಗೆಯೇ ಬಗೆದಿತ್ತು. ಮಣ್ಣು ಇನ್ನೂ ಒದ್ದೆಯಾಗಿತ್ತು.

ಭಾನುವಾರ ಅವರನ್ನು ನಾನು ಅಲ್ಲಿಗೇ ಕರೆದುಕೊಂಡು ಹೋದೆ.

ಯಾರಿಗೂ ಕೆಡುಕಾಗಲಿ ಎಂದು ಬಯಸಿರಲಿಲ್ಲ. ಇದನ್ನು ನಂಬಿ ಎಂದು ಕೇಳುವ ಯೋಗ್ಯತೆ ನನಗಿಲ್ಲ, ಆದರೂ ಹೇಳುತ್ತೇನೆ. ನನ್ನ ತಲೆಯಲ್ಲಿದ್ದ ಚಿತ್ರ ಬೇರೆ. ಹಳ್ಳದ ಈಚೆ ದಡದಿಂದ ದೂರದಲ್ಲಿ ಕರಡಿ ಕಾಣಬೇಕು. ಸಾರ್ ಗಾಬರಿಯಿಂದ ಜೇಬು ತಡಕಬೇಕು. ಆಗ ನಾನು ನಿಧಾನವಾಗಿ ಮುಂದೆ ಬಂದು, ಅಪ್ಪ ಮಾಡುತ್ತಿದ್ದ ಹಾಗೆ ಗಟ್ಟಿಯಾಗಿ ಮಾತಾಡುತ್ತ, ಎಲ್ಲರನ್ನೂ ಹಿಂದೆ ಹಿಂದೆ ನಡೆಸಿಕೊಂಡು ಬರಬೇಕು. ಹುಡುಗರು ಅದನ್ನು ನೋಡಬೇಕು... ಇಷ್ಟೇ. ಅದಕ್ಕೆ ಕರಡಿ ಮೊದಲೇ ಸದ್ದು ಕೇಳಿ ಸರಿದುಹೋಗಬಾರದಲ್ಲ. ಆವತ್ತು ನಾನು ಕೋಲು ಕುಟ್ಟಲಿಲ್ಲ.

ಅರ್ಧ ದಾರಿಯಲ್ಲಿ ಸಾರ್ ಕೇಳಿದರು, "ಯಾಕ್ರಿ ಗೌಡ್ರೆ, ಇವತ್ತು ಕೋಲಿನ ಸಪ್ಪಳನೇ ಇಲ್ಲ?"

"ಸದ್ದಾದ್ರೆ ಅಕ್ಕಿಗಳೆಲ್ಲ ಆರೋಯ್ತವೆ ಸಾರ್, ಆ ಮಗೀಗೆ ಫೋಟೊ ಬೇಕಂತೆ" ಎಂದೆ.

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಹುಡುಗಿಯನ್ನು ದಾಟಿ ಮುಂದೆ ಬಂದು ನನ್ನ ಬೆನ್ನಹಿಂದೆಯೇ ನಡೆಯತೊಡಗಿದರು.

ಹಳ್ಳದ ತಿರುವು ದಾಟುತ್ತಿದ್ದಂತೆ ಹತ್ತು ಮಾರು ದೂರದಲ್ಲಿ ಗೋಣಿಮರದ ಬುಡದ ಕರಿ ಬಂಡೆಯೊಂದು ಎದ್ದು ನಿಂತಿತು. ಎರಡು ಮರಿಗಳು ಓಡಿಬಂದು ಅದರ ಬೆನ್ನು ಹತ್ತಿದವು. ಗಟ್ಟಿಯಾಗಿ ಮಾತಾಡಬೇಕಿದ್ದ ನನಗೆ ದನಿಯೇ ಏಳಲಿಲ್ಲ. ಓಡಬಾರದೆಂದು ವಾರವಾರವೂ ಪಾಠ ಮಾಡಿದ್ದವನು ತಿರುಗಿ ಓಡಿದೆ. ನಾಲ್ಕು ಹೆಜ್ಜೆಗೆ ಬೇರು ತೊಡರಿ ಮುಗ್ಗರಿಸಿದೆ. ಮರುಕ್ಷಣ ಬೆನ್ನ ಮೇಲೆ ಭಾರ, ಕೊಳೆತ ಹಣ್ಣಿನ ವಾಸನೆ, ಹೆಗಲ ಹತ್ತಿರ ಬೆಂಕಿ ತಾಗಿದಂಥ ಉರಿ.

"ಹಿಂದ ಸರೀರಿ, ಎಲ್ಲಾರೂ ಹಿಂದ ಸರೀರಿ" ಎಂಬ ಸಾರ್ ದನಿ ಕೇಳಿಸಿತು. ಆಮೇಲೆ ಪಟಾಕಿಯಂಥ ಒಂದು ಸದ್ದು. ಅವರು ಆಕಾಶಕ್ಕೆ ಹೊಡೆದಿದ್ದರು. ಕರಡಿಗೆ ಹೊಡೆಯುವಂತಿರಲಿಲ್ಲ, ಅದರ ಕೆಳಗೆ ನಾನಿದ್ದೆ.

ನನ್ನ ಬೆನ್ನ ಮೇಲಿನ ಭಾರ ಇಳಿಯಿತು. ಅದು ಸದ್ದಿನ ಕಡೆಗೆ ಹೋಯಿತು. ನಾನು ತಲೆಯೆತ್ತುವಷ್ಟರಲ್ಲಿ ಅದು ಅವರ ಮುಂದೆ ಎರಡು ಕಾಲ ಮೇಲೆ ನಿಂತಿತ್ತು. ಅವರು ಓಡಲಿಲ್ಲ. ಓಡಿದ್ದರೆ ಹಿಂದೆ ಹುಡುಗಿಯಿದ್ದಳು. ಬಲಗೈ ಅಡ್ಡ ಹಿಡಿದರು... ಅದರ ಮುಂದಿನದನ್ನು ನಾನು ನೋಡಿದ್ದೇನೆ, ಬರೆಯಲಾರೆ. ಉಸಿರು ಎಳೆದು ಬಿಡುವಷ್ಟು ಹೊತ್ತು, ಅಷ್ಟೆ. ಕರಡಿ ಮರಿಗಳ ಜೊತೆ ಬಂಡೆಗಳೊಳಗೆ ಮರೆಯಾಯಿತು.

ನನ್ನ ಗಾಯ ಗೀರಿನಂಥದು. ಅವರನ್ನು ನಾನೇ ಬೆನ್ನ ಮೇಲೆ ಹೊತ್ತೆ. ಹುಡುಗಿ ತನ್ನ ದುಪಟ್ಟಾ ಬಿಚ್ಚಿ ಅವರ ಮುಖಕ್ಕೆ ಸುತ್ತಿದಳು. ಹುಡುಗರು ಮುಂದೆ ಓಡಿ ಆಂಬುಲೆನ್ಸ್ ಕರೆಸಿದರು. ದಾರಿಯುದ್ದಕ್ಕೂ ಅವರ ರಕ್ತ ನನ್ನ ಕುತ್ತಿಗೆಯ ಮೇಲೆ ಬಿಸಿಯಾಗಿ ಇಳಿಯುತ್ತಿತ್ತು. ಒಂದೇ ಸಲ ಮಾತಾಡಿದರು, "ಹುಡುಗಿ ಹುಷಾರದಾಳೇನ್ರಿ?"

ಬಲಗಣ್ಣು ಹೋಯಿತು. ಕೆನ್ನೆಯನ್ನು ಎರಡು ಸಲ ಹೊಲಿದರು. ಬಲಗೈಯ ಎರಡು ಬೆರಳು ಮತ್ತೆ ಮಡಚಲಿಲ್ಲ. ಎಂಟನೆಯ ದಿನ ಅರಣ್ಯ ಇಲಾಖೆಯ ಅಧಿಕಾರಿ ಆಸ್ಪತ್ರೆಗೆ ಬಂದರು. ಆ ಹಳ್ಳ ಕಾಡಿನ ಗಡಿಯೊಳಗೆ ಸೇರಿತ್ತು. ಅಲ್ಲಿಗೆ ಯಾಕೆ ಹೋದಿರಿ, ಪಿಸ್ತೂಲು ಯಾಕೆ ಒಯ್ದಿರಿ ಎಂದು ಕೇಳಿದರು. ನಾನು ಮಂಚದ ಕಾಲ ಬಳಿ ನಿಂತಿದ್ದೆ. ಈಗ ಹೇಳುತ್ತೇನೆ, ಈಗ ಹೇಳುತ್ತೇನೆ ಎಂದುಕೊಳ್ಳುತ್ತಲೇ ಇದ್ದೆ. ಸಾರ್ ಬ್ಯಾಂಡೇಜಿನ ಸಂದಿಯಿಂದ ತೊದಲುತ್ತ ಹೇಳಿದರು, "ದಾರಿ ನಾನೇ ಆರಿಸಿದ್ದು ಸಾರ್. ಗೌಡ್ರು ಬ್ಯಾಡ ಅಂದಿದ್ರು."

ಅಧಿಕಾರಿ ನನ್ನ ಕಡೆ ತಿರುಗಿ, "ಹೌದೇನ್ರೀ?" ಎಂದರು.

ನಾನು ಹೌದೆಂದು ತಲೆಯಾಡಿಸಿದೆ.

ಲೈಸೆನ್ಸ್ ರದ್ದಾಯಿತು. ಪಿಸ್ತೂಲು ಪೊಲೀಸ್ ಸ್ಟೇಷನ್ನಿನ ಬೀರು ಸೇರಿತು. ಕೇಸು ಕೆಲವು ಕಾಲ ಎಳೆದಾಡಿ ಮುಗಿಯಿತು. "ಅಪ್ಪಂದು ಅಂತ ಅದೊಂದ ಉಳದಿತ್ತು" ಎಂದು ಒಮ್ಮೆ ಮಾತ್ರ ಅಂದರು. ಗುಡ್ಡಕ್ಕೆ ಹೋಗುವುದು ಅಲ್ಲಿಗೆ ನಿಂತಿತು.

ಇಷ್ಟಾದ ಮೇಲಾದರೂ ನನ್ನ ಹೊಟ್ಟೆಯುರಿ ಆರಬೇಕಿತ್ತು. ಆರಲಿಲ್ಲ. ಕಟ್ಟಡದವರೆಲ್ಲ ಸರದಿಯ ಮೇಲೆ ಅವರ ಮನೆಗೆ ಹೋಗುತ್ತಿದ್ದರು. ಹುಡುಗಿ ಆಫೀಸಿನಿಂದ ನೇರವಾಗಿ ಅಲ್ಲಿಗೆ ಹೋಗಿ ಪೇಪರ್ ಓದಿ ಹೇಳುತ್ತಿದ್ದಳು. ನನ್ನ ಹೆಂಡತಿ ದಿನಾ ಮೇಲಕ್ಕೆ ಗಂಜಿ ಒಯ್ಯುತ್ತಿದ್ದಳು. ನನ್ನ ಹೆಗಲ ಮೇಲೂ ಮೂರು ಗೆರೆಗಳಿದ್ದವು, ಯಾರೂ ಕೇಳಲಿಲ್ಲ. ಒಂದು ಕಣ್ಣು ಕಳೆದುಕೊಂಡ ಮನುಷ್ಯನ ಗಾಯವನ್ನು ನೋಡಿ ಇದು ನನಗಾಗಬೇಕಿತ್ತು ಎಂದುಕೊಂಡೆ. ಪಶ್ಚಾತ್ತಾಪದಿಂದ ಅಲ್ಲ. ಆ ಗಾಯಕ್ಕೆ ಸಿಗುತ್ತಿದ್ದ ಪ್ರೀತಿಗಾಗಿ. ಅದಕ್ಕಿಂತ ಹೆಚ್ಚಾಗಿ, ಅಂಥ ಒಂದು ಸುಳ್ಳನ್ನು ಅಷ್ಟು ಸಲೀಸಾಗಿ ಹೇಳಿಬಿಡುವ ದೊಡ್ಡತನ ಅವರಿಗೆ ಎಲ್ಲಿಂದ ಬಂತು, ನನಗೆ ಯಾಕೆ ಬರಲಿಲ್ಲ ಎಂದು ಉರಿಯುತ್ತಿತ್ತು.

ಓಡಾಡುವಂತಾದ ಮೇಲೆ ಅವರು ಪ್ರತಿದಿನ ಬೆಳಿಗ್ಗೆ ಕೆಳಗಿಳಿದು ಬಂದು ನಮ್ಮ ಜಗುಲಿಯ ಮೇಲೆ ಕಾಫಿ ಕುಡಿಯತೊಡಗಿದರು. ಲೋಟವನ್ನು ಎಡಗೈಯಲ್ಲಿ ಹಿಡಿಯುತ್ತಿದ್ದರು. ಐದು ವರ್ಷ ಹಾಗೆ ಬಂದರು. ಕಾರ್ಖಾನೆಯ ಮಾತು, ಹೊಸ ಮೇಲ್ಸೇತುವೆಯ ಮಾತು, ಸೊಸೈಟಿಯ ಹಾಲಿನ ಮಾತು. ಒಮ್ಮೊಮ್ಮೆ ಮಾತು ನಿಲ್ಲುತ್ತಿತ್ತು. ಅವರು ಲೋಟ ಕೆಳಗಿಟ್ಟು, ಉಳಿದ ಒಂದು ಕಣ್ಣಿನಿಂದ ರಸ್ತೆ ನೋಡುತ್ತ ಸುಮ್ಮನೆ ಕೂರುತ್ತಿದ್ದರು. ಈಗ ಕೇಳುತ್ತಾರೆ ಎಂದು ನಾನು ಖಾಲಿ ಲೋಟಗಳನ್ನು ಎತ್ತಿಕೊಳ್ಳುತ್ತಿದ್ದೆ. ಅವರು ಕೇಳುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ "ಬರ್ತೀನ್ರಿ" ಎಂದು ಎದ್ದು ಹೋಗುತ್ತಿದ್ದರು. ಸದ್ಯ, ಇವತ್ತಿನದು ಮುಗಿಯಿತು ಎಂದು ನಾನು ಉಸಿರು ಬಿಡುತ್ತಿದ್ದೆ.

ನಿವೃತ್ತರಾಗಿ ದಾವಣಗೆರೆಗೆ ಹೋದರು. ವರ್ಷ ತುಂಬುವ ಮೊದಲೇ ಎದೆನೋವಿನಿಂದ ತೀರಿಕೊಂಡರು. ನಾನು ಹೋಗಿದ್ದೆ. ಅಂಗಳದ ತುಂಬ ಜನ. ಅವರ ಅಣ್ಣ ನನ್ನ ಎರಡೂ ಕೈ ಹಿಡಿದು, "ನೀವೇ ಅಲ್ಲೇನ್ರಿ ನಮ್ಮ ತಮ್ಮನ್ನ ಹೊತ್ಕೊಂಡ್ ಇಳಿದವ್ರು? ಅಂವ ಎಲ್ಲಾರ ಮುಂದ ಹೇಳ್ತಿದ್ದ" ಎಂದು ಅತ್ತರು. ಬಂದವರಿಗೆಲ್ಲ ನನ್ನನ್ನು ತೋರಿಸಿದರು. ಕುರ್ಚಿ ತರಿಸಿ ಮುಂದೆ ಕೂರಿಸಿದರು. ನಾನು ಕೂತೆ.

ಹೋದ ವಾರದ ಆ ಎಣ್ಣೆ ವಾಸನೆಯ ಮಾರನೆಯ ದಿನ ಅವರ ಹೆಂಡತಿಗೆ ಫೋನ್ ಮಾಡಿದೆ. ಮೊದಲು ಆರೋಗ್ಯ ವಿಚಾರಿಸಿದೆ. ಆಮೇಲೆ, ಎಲ್ಲಿ ಧೈರ್ಯ ಹೋಗಿಬಿಡುತ್ತದೋ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. "ಅಮ್ಮಾ, ಆವತ್ತು ಅಲ್ಲಿ ಕರಡಿ ಐತೆ ಅಂತ ನಂಗ್ ಗೊತ್ತಿತ್ತು. ಮರಿ ಇರೋದೂ ಗೊತ್ತಿತ್ತು. ಗೊತ್ತಿದ್ದೂ ಕರ್ಕೊಂಡ್ ಓದೆ. ಸಾರ್ ಮ್ಯಾಲೆ ವಟ್ಟೆಕಿಚ್ಚು ನಂಗೆ."

ಆ ಕಡೆ ಪಾತ್ರೆಯೊಂದನ್ನು ಕೆಳಗಿಟ್ಟ ಸದ್ದಾಯಿತು.

"ನನಗ ಗೊತ್ತೈತ್ರಿ" ಎಂದರು. "ಆಸ್ಪತ್ರ್ಯಾಗ ಇದ್ದಾಗ್ಲೇ ಹೇಳಿದ್ರು. ಅವತ್ತು ನೀವು ಕೋಲು ಕುಟ್ಟಲಿಲ್ಲಂತ, ಅದರಾಗ ಅವರಿಗೆ ತಿಳೀತಂತ."

"ಗೊತ್ತಿದ್ದೂ... ದಿನಾ ನಮ್ಮನೇಗ್ ಬಂದು ಕಾಫಿ ಕುಡೀತಿದ್ರಲ್ಲಮ್ಮಾ."

"ನಾನೂ ಕೇಳ್ತಿದ್ದೆ, ಯಾಕ ಹೋಗ್ತೀರಿ ಅಂತ. ಇವತ್ತು ಗೌಡ್ರು ಹೇಳಬಹುದು, ನಾನು ಇರಬೇಕಲ್ಲ ಅಲ್ಲಿ ಅಂತಿದ್ರು."

ಆಮೇಲೆ ಏನು ಮಾತಾಡಿದೆವೋ ನೆನಪಿಲ್ಲ. ಫೋನ್ ಇಟ್ಟು ಜಗುಲಿಗೆ ಬಂದು ಕೂತೆ. ಮೇಲಿನ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಅವರ ಹೆಸರೂ ನನಗೆ ಸರಿಯಾಗಿ ಗೊತ್ತಿಲ್ಲ. ಕಂಪನಿ ಬಸ್ಸುಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಐದು ವರ್ಷ, ಪ್ರತಿದಿನ ಬೆಳಿಗ್ಗೆ, ನನ್ನ ಒಂದು ಮಾತಿಗಾಗಿ ಅವರು ಇಲ್ಲಿ ಕಾಯುತ್ತಿದ್ದರು. ನಾನು ಪಕ್ಕದಲ್ಲೇ ಕೂತು, ಇವರು ಯಾವಾಗ ಎದ್ದು ಹೋಗುತ್ತಾರೋ ಎಂದು ಕಾಯುತ್ತಿದ್ದೆ.